ನಾಡಿನ ಅದ್ಭುತಗಳು, ನಮ್ಮ ಕೈಯಲ್ಲಿರುವ ಅಮಾನತ್ತು

(ಎರಡು ಶುಕ್ರವಾರಗಳ ಜುಮಾ ಪ್ರವಚನದ ಸಾರಾಂಶ)

ಸರ್ವ ಸ್ತುತಿಯೂ ಆಕಾಶ ಭೂಮಿಗಳನ್ನು ಸೃಷ್ಟಿಸಿದ ಅಲ್ಲಾಹನಿಗೆ ಮೀಸಲು. ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮೇಲೂ ಸಂಗಾತಿಗಳ ಮೇಲೂ ಶಾಂತಿ ಇರಲಿ.



ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿದ ಮೇಲೆ ನಮ್ಮ ಮೊಹಲ್ಲಾದ ಕೆಲವು ಹುಡುಗರು ಮಸೀದಿಯ ಜಗಲಿಯಲ್ಲಿ ಕುಳಿತು ಪ್ರವಾಸದ ಮಾತಾಡುತ್ತಿದ್ದರು. ರಜೆಯಲ್ಲಿ ವಿಜಯಪುರ, ಹಂಪಿ ನೋಡಿ ಬರುವುದು ಅವರ ಯೋಚನೆ. ಒಬ್ಬ ಮೊಬೈಲಿನಲ್ಲಿ ‘ಕರ್ನಾಟಕದ ಏಳು ಅದ್ಭುತಗಳು’ ಎಂಬ ಪಟ್ಟಿಯನ್ನು ಓದುತ್ತಿದ್ದ. ನಮ್ಮನ್ನು ಕಂಡವನೇ ಕೇಳಿದ: “ಹಜರತ್, ಇದರಲ್ಲಿ ಕಾರವಾರದ್ದೂ ಇಲ್ಲ, ಅಂಕೋಲೆಯದ್ದೂ ಇಲ್ಲ. ನಮ್ಮಲ್ಲಿ ನೋಡುವಂಥದ್ದು ಏನೂ ಇಲ್ಲವಾ?” ಅವನು ಮುಗಿಸುವಷ್ಟರಲ್ಲಿ ಇನ್ನೊಬ್ಬ ಹೇಳಿದ: “ಏಳರಲ್ಲಿ ನಮ್ಮದು ಒಂದೇ, ಗೋಳಗುಮ್ಮಟ. ಉಳಿದದ್ದೆಲ್ಲ ಬೇರೆಯವರದ್ದು. ಅಲ್ಲಿಗೆಲ್ಲ ನಾವು ಹೋಗಬಹುದಾ ಹಜರತ್?”

ಎರಡೂ ಪ್ರಶ್ನೆಗಳು ನಮ್ಮ ಮನಸ್ಸಿನಲ್ಲಿ ಉಳಿದವು. ಅವಕ್ಕೆ ಉತ್ತರವಾಗಿ ಎರಡು ಶುಕ್ರವಾರ ಮಿಂಬರಿನಿಂದ ಹೇಳಿದ್ದನ್ನು ಇಲ್ಲಿ ಸಂಗ್ರಹಿಸಿ ಕೊಟ್ಟಿದ್ದೇವೆ.

ಪಟ್ಟಿಯಲ್ಲಿ ಏನಿದೆ?

ಕನ್ನಡಪ್ರಭ ಪತ್ರಿಕೆ ಹಾಗೂ ಏಷ್ಯಾನೆಟ್ ಸುವರ್ಣ ನ್ಯೂಸ್ ವಾಹಿನಿ ರಾಜ್ಯದ ಪ್ರವಾಸೋದ್ಯಮ ಇಲಾಖೆಯ ಜೊತೆ ಸೇರಿ ಒಂದು ಅಭಿಯಾನ ನಡೆಸಿದ್ದವು. ಜನರು ಮತ ಹಾಕಿದರು. 2023ರ ಫೆಬ್ರವರಿಯಲ್ಲಿ ಏಳು ಹೆಸರುಗಳು ಘೋಷಣೆಯಾದವು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಪ್ರಾಚೀನ ಶಿಲಾ ಗೋರಿಗಳು, ಹಂಪಿ, ಶ್ರವಣಬೆಳಗೊಳದ ಗೊಮ್ಮಟ, ವಿಜಯಪುರದ ಗೋಳಗುಮ್ಮಟ, ಮೈಸೂರು ಅರಮನೆ, ಜೋಗ ಜಲಪಾತ ಮತ್ತು ನೇತ್ರಾಣಿ ದ್ವೀಪ.

ಕಾರವಾರ, ಅಂಕೋಲೆಯ ಹೆಸರು ಇದರಲ್ಲಿಲ್ಲ, ನಿಜ. ಆದರೆ ನೇತ್ರಾಣಿ ನಮ್ಮದೇ ಜಿಲ್ಲೆಯದು. ಮುರುಡೇಶ್ವರದ ದಡದಿಂದ ಸಮುದ್ರದಲ್ಲಿ ಸುಮಾರು 20 ಕಿ.ಮೀ. ಒಳಗಿದೆ. ಜೋಗ ನಮ್ಮ ಜಿಲ್ಲೆಗೂ ಶಿವಮೊಗ್ಗ ಜಿಲ್ಲೆಗೂ ಗಡಿಯಲ್ಲಿದೆ. ಅಲ್ಲಿ 253 ಮೀಟರ್ ಕೆಳಕ್ಕೆ ಧುಮುಕುವ ಶರಾವತಿ ನಮ್ಮ ಹೊನ್ನಾವರದಲ್ಲೇ ಸಮುದ್ರ ಸೇರುತ್ತಾಳೆ.

ನೋಡುವುದೂ ಒಂದು ಆಜ್ಞೆ

ಭೂಮಿಯಲ್ಲಿ ಸಂಚರಿಸಿ ನೋಡಿರಿ ಎಂಬ ಕರೆ ಪವಿತ್ರ ಕುರ್‌ಆನಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಎರಡು ಬಗೆಯ ನೋಟವನ್ನು ಅದು ಕಲಿಸುತ್ತದೆ. ಸೃಷ್ಟಿಯನ್ನು ನೋಡಿ ಸೃಷ್ಟಿಕರ್ತನನ್ನು ನೆನೆಯುವುದು ಒಂದು. ಬೆಟ್ಟ, ಮಳೆ, ಸಮುದ್ರ, ಹಡಗು, ಜೇನುನೊಣ, ಒಂಟೆ ಎಲ್ಲವನ್ನೂ ಕುರ್‌ಆನ್ ‘ಆಯತ್’ ಎನ್ನುತ್ತದೆ. ಆಯತ್ ಎಂದರೆ ಕುರುಹು. ಗ್ರಂಥದ ವಚನಕ್ಕೂ ಅದೇ ಹೆಸರು. ಹಿಂದೆ ಬಾಳಿಹೋದ ಜನರ ಊರು, ಕೋಟೆ, ಮನೆಗಳನ್ನು ನೋಡಿ ನಮ್ಮ ಅಂತ್ಯವನ್ನು ನೆನೆಯುವುದು ಇನ್ನೊಂದು. ಇದಕ್ಕೆ ‘ಇಬ್ರತ್’ ಅಂದರೆ ಪಾಠ ಎನ್ನುತ್ತೇವೆ.

ಜೋಗ ಮತ್ತು ನೇತ್ರಾಣಿ ಮೊದಲ ಬಗೆಯವು. ನೇತ್ರಾಣಿಯ ಸುತ್ತ ಕಡಲಿನ ತಳದಲ್ಲಿ ಹವಳವಿದೆ. ನೋಡಲು ಕಲ್ಲು, ಆದರೆ ಜೀವಂತ. ಸಣ್ಣ ಸಣ್ಣ ಜೀವಿಗಳು ಲಕ್ಷಗಟ್ಟಲೆ ಕೂಡಿ, ಸುಣ್ಣದ ಗೂಡು ಕಟ್ಟಿಕೊಳ್ಳುತ್ತ ವರ್ಷಕ್ಕೆ ಅಷ್ಟಿಷ್ಟೇ ಬೆಳೆಯುತ್ತವೆ. ಒಂದು ದೋಣಿಯ ಲಂಗರು ಎಳೆದಾಡಿದರೆ, ಈಜಲು ಹೋದವನು ನೆನಪಿಗೆಂದು ಒಂದು ತುಂಡು ಮುರಿದು ತಂದರೆ, ಎಷ್ಟೋ ವರ್ಷಗಳ ಬೆಳವಣಿಗೆ ಕ್ಷಣದಲ್ಲಿ ಹೋಗುತ್ತದೆ. ಸೂರಃ ಅರ್‌ರಹ್ಮಾನ್‌ನಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ಎಣಿಸುವಾಗ ಸಮುದ್ರದಿಂದ ಬರುವ ಮುತ್ತನ್ನೂ ‘ಮರ್ಜಾನ್’ ಅನ್ನೂ ಹೆಸರಿಸಿದ್ದಾನೆ. ಮರ್ಜಾನ್ ಎಂದರೆ ಹವಳವೆಂದು ಹಲವು ವ್ಯಾಖ್ಯಾನಕಾರರು ಹೇಳಿದ್ದಾರೆ. ಆ ಸೂರಃವನ್ನು ಕಂಠಪಾಠ ಮಾಡಿದವನು ಹವಳ ಮುರಿಯುವುದು ಹೇಗೆ ಸರಿಯಾದೀತು?

ಜೋಗದ ಪಾಠ ಬೇರೆ. ಮಳೆಗಾಲದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಭೋರ್ಗರೆಯುತ್ತವೆ. ಬೇಸಿಗೆಯಲ್ಲಿ ಹೋದವರು “ನೀರೇ ಇಲ್ಲ” ಎಂದು ಬೇಸರದಿಂದ ಬರುತ್ತಾರೆ. ನೀರು ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿದೆ, ಅಲ್ಲಿಂದ ವಿದ್ಯುತ್ತಾಗಿ ಊರೂರಿಗೆ ಹೋಗುತ್ತಿದೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುವಾಗ, ಮಸೀದಿಯ ಹೌಜಿನ ಬಳಿ ನಲ್ಲಿ ಸುಮ್ಮನೆ ಸುರಿಯುವಾಗ ನಾವು ಇಂಥ ಯಾವುದೋ ನದಿಯನ್ನೇ ಖರ್ಚು ಮಾಡುತ್ತಿರುತ್ತೇವೆ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ದುಂದು ಮಾಡಬಾರದೆಂದು ಪ್ರವಾದಿ(ಸ) ಎಚ್ಚರಿಸಿದ ಹದೀಸ್ ನಮಗೆಲ್ಲ ಗೊತ್ತಿದೆ.

‘ನಮ್ಮದು’ ಮತ್ತು ‘ಅವರದ್ದು’

ಈಗ ಎರಡನೇ ಹುಡುಗನ ಪ್ರಶ್ನೆಗೆ ಬರೋಣ. ಗೋಳಗುಮ್ಮಟ ನಮ್ಮದು ಎಂದು ಅವನು ಹೆಮ್ಮೆಯಿಂದ ಹೇಳಿದ. ಹೆಮ್ಮೆ ತಪ್ಪಲ್ಲ. ನಡುವೆ ಒಂದೂ ಕಂಬವಿಲ್ಲದೆ, ಹೊರ ವ್ಯಾಸ ಸುಮಾರು 44 ಮೀಟರ್ ಇರುವ ಗುಂಬಜನ್ನು ಆ ಕಾಲದಲ್ಲಿ ನಿಲ್ಲಿಸಿದವರ ಕೈಗುಣಕ್ಕೆ ತಲೆದೂಗಲೇಬೇಕು. ಆದರೆ ಅದರ ಕೆಳಗೆ ಮಲಗಿರುವವನನ್ನೂ ನೆನೆಯಬೇಕು. ಮುಹಮ್ಮದ್ ಆದಿಲ್ ಶಾ 1627ರಿಂದ 1656ರವರೆಗೆ ಆಳಿದ. ಅವನು ತೀರಿದ ಮೂವತ್ತೇ ವರ್ಷಕ್ಕೆ, 1686ರಲ್ಲಿ, ಔರಂಗಜೇಬನ ಸೈನ್ಯದ ಮುಂದೆ ಅವನ ವಂಶದ ರಾಜ್ಯವೇ ಮುಗಿಯಿತು. ಗೋರಿಯ ಮೇಲೆ ಕಟ್ಟಡ ಏರಿಸುವುದನ್ನು ಪ್ರವಾದಿ(ಸ) ಮೆಚ್ಚಿರಲಿಲ್ಲ ಎಂಬುದನ್ನೂ ನಾವು ಮುಚ್ಚಿಡಬಾರದು. ಅಷ್ಟು ದೊಡ್ಡ ಗುಂಬಜಿನಡಿ ಮಲಗಿದ ಸುಲ್ತಾನನಿಗೂ ನಮ್ಮ ಖಬರಸ್ತಾನದಲ್ಲಿ ಮಲಗಿದ ಬಡ ಮೀನುಗಾರನಿಗೂ ಸಿಕ್ಕ ಮಣ್ಣು ಒಂದೇ ಅಳತೆಯದು. ಗೋಳಗುಮ್ಮಟಕ್ಕೆ ಹೋಗುವ ಹುಡುಗರು ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಪ್ರತಿಧ್ವನಿ ಎಣಿಸಿ ಬರುತ್ತಾರೆ. ಒಂದು ನಿಮಿಷ ಸುಮ್ಮನೆ ನಿಂತು ತಮ್ಮ ಸಾವನ್ನೂ ನೆನೆದು ಬರಲಿ.

ಇನ್ನು ಹಂಪಿ, ಗೊಮ್ಮಟ. ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆ ಇಡಬೇಕು. ಆರಾಧನೆ ಒಂದು, ರಕ್ಷಣೆ ಮತ್ತು ಗೌರವ ಇನ್ನೊಂದು. ಆರಾಧನೆ ಅಲ್ಲಾಹನಿಗೆ ಮಾತ್ರ, ಅದರಲ್ಲಿ ರಾಜಿಯಿಲ್ಲ. ಆದರೆ ಇನ್ನೊಬ್ಬರ ಪವಿತ್ರ ಸ್ಥಳವನ್ನು ಗೌರವದಿಂದ ಕಾಣಲು, ಅದಕ್ಕೆ ಹಾನಿಯಾಗದಂತೆ ನೋಡಿಕೊಳ್ಳಲು ಯಾರ ಈಮಾನಿಗೂ ಕುಂದಿಲ್ಲ. ಅಲ್ಲಾಹನು ಜನರ ಮೂಲಕವೇ ಜನರ ಅತಿರೇಕವನ್ನು ತಡೆಯದಿದ್ದರೆ ಮಠಗಳು, ಇಗರ್ಜಿಗಳು, ಯಹೂದಿಯರ ಪ್ರಾರ್ಥನಾಲಯಗಳು, ಮಸೀದಿಗಳು ಎಲ್ಲವೂ ನೆಲಸಮವಾಗುತ್ತಿದ್ದವು ಎಂಬ ಆಶಯ ಸೂರಃ ಅಲ್‌ಹಜ್‌ನಲ್ಲಿದೆ. ಆ ಸಾಲಿನಲ್ಲಿ ಮಸೀದಿಯ ಹೆಸರು ಕೊನೆಗೆ ಬರುತ್ತದೆ ಎಂಬುದನ್ನು ಗಮನಿಸಿ.

ಹಂಪಿಗೆ ಹೋದವರು ಅಲ್ಲಿರುವ ಒಂದು ಸಣ್ಣ ಮಸೀದಿಯನ್ನೂ ನೋಡಿ ಬರಬೇಕು. ವಿಜಯನಗರದ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಅದನ್ನು ಕಟ್ಟಿಸಿದ. ಗುಂಬಜಿಲ್ಲ, ಮಿನಾರಿಲ್ಲ. ಅಲ್ಲಿಯ ಮಂಟಪಗಳಂತೆಯೇ ಕಲ್ಲುಕಂಬಗಳ ಕಟ್ಟಡ. ಅದರ ಶಾಸನ ಅದನ್ನು ಧರ್ಮಶಾಲೆ ಎಂದು ಕರೆಯುತ್ತದೆ. ಹಿಂದೂ ಅರಸನ ರಾಜಧಾನಿಯಲ್ಲಿ ಒಬ್ಬ ಮುಸ್ಲಿಮ್ ಅಧಿಕಾರಿ ನಮಾಝಿನ ಜಾಗ ಕಟ್ಟಿಕೊಂಡು ಬಾಳಿದ ಊರು ಅದು. ಅಲ್ಲಿ ನಿಂತು ಯಾವ ಕಲ್ಲು ನಮ್ಮದು, ಯಾವುದು ಅವರದ್ದು ಎಂದು ಗೆರೆ ಎಳೆಯಲು ಹೊರಟರೆ ಎಳೆಯುವವನಿಗೇ ಸೋಲು.

ಹಾಗಾದರೆ ಆ ಹುಡುಗನಿಗೆ ನಾವು ಕೊಟ್ಟ ಉತ್ತರ ಇಷ್ಟೇ: ಹೋಗು ಮಗನೇ, ಏಳಕ್ಕೂ ಹೋಗು. ಪೂಜೆ ನಡೆಯುವಲ್ಲಿ ದೂರ ನಿಂತು ನೋಡು. ಪಾದರಕ್ಷೆ ಬಿಡಬೇಕೆಂದರೆ ಬಿಡು, ಮೌನವಾಗಿರಬೇಕೆಂದರೆ ಮೌನವಾಗಿರು. ನಮ್ಮ ಮಸೀದಿಗೆ ಬಂದವರಿಂದ ನಾವು ಏನನ್ನು ಬಯಸುತ್ತೇವೋ ಅದನ್ನೇ ಅಲ್ಲಿ ಕೊಡು.

ಈದ್‌ನ ಎರಡನೇ ದಿನ

ಉಪದೇಶ ಹೇಳುವುದು ಸುಲಭ. ನಮ್ಮದೇ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಈದ್‌ನ ಎರಡನೇ ದಿನ ನಮ್ಮ ಮೊಹಲ್ಲಾದ ಹತ್ತಾರು ಕುಟುಂಬಗಳು ಕಡಲ ದಡಕ್ಕೆ ಹೋಗಿದ್ದವು. ನಾವೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಗಾಳಿಮರದ ನೆರಳಿನಲ್ಲಿ ಬಿರಿಯಾನಿ ಬಿಚ್ಚಿದೆವು, ಮಕ್ಕಳು ಆಡಿದರು, ಅಸರ್ ನಮಾಝನ್ನು ಅಲ್ಲೇ ಜಮಾಅತ್ತಾಗಿ ನಿರ್ವಹಿಸಿ ಮನೆಗೆ ಮರಳಿದೆವು.

ಮರುದಿನ ಫಜ್ರ್ ಆದ ಮೇಲೆ ನಾವು ಅದೇ ದಡದಲ್ಲಿ ನಡೆಯಲು ಹೋದಾಗ ಒಬ್ಬ ವಯಸ್ಸಾದ ತಾಯಿ ಗೋಣಿಚೀಲ ಹಿಡಿದು ಪ್ಲಾಸ್ಟಿಕ್ ಲೋಟ, ತಟ್ಟೆ, ನೀರಿನ ಬಾಟಲಿ ಆರಿಸುತ್ತಿದ್ದರು. ನಾವು ನಮಾಝ್ ಮಾಡಿದ ಜಾಗದ ಪಕ್ಕದಲ್ಲೇ ನಾಯಿಗಳು ಎಲುಬನ್ನು ಎಳೆದಾಡುತ್ತಿದ್ದವು. ಆ ತಾಯಿ ನಮ್ಮ ಟೋಪಿ, ಗಡ್ಡ ನೋಡಿದರು. ಬೈಯಲಿಲ್ಲ. “ನಿನ್ನೆ ನಿಮ್ಮ ಹಬ್ಬ ಜೋರಿತ್ತಲ್ಲ ಸಾಬರೇ” ಎಂದಷ್ಟೇ ಹೇಳಿ ಬಾಗಿ ಇನ್ನೊಂದು ಬಾಟಲಿ ಎತ್ತಿದರು. ನಾವೂ ಚೀಲದ ಇನ್ನೊಂದು ತುದಿ ಹಿಡಿದೆವು. ಆದರೆ ಆ ಮಾತು ಇಂದಿಗೂ ಚುಚ್ಚುತ್ತದೆ. ಜನರು ನಡೆಯುವ ದಾರಿಯಲ್ಲಿ, ಕುಳಿತುಕೊಳ್ಳುವ ನೆರಳಿನಲ್ಲಿ, ನೀರಿನ ಸೆಲೆಯ ಬಳಿ ಹೊಲಸು ಮಾಡುವುದು ಶಾಪಕ್ಕೆ ಕಾರಣವೆಂದು ಪ್ರವಾದಿ(ಸ) ಹೇಳಿದ್ದಾರೆ. ದಾರಿಯಲ್ಲಿನ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದೂ ಹೇಳಿದ್ದಾರೆ. ಶಾಪದ ಕೆಲಸವನ್ನು ನಾವು ಮಾಡಿ, ಈಮಾನಿನ ಕೆಲಸವನ್ನು ಆ ತಾಯಿಗೆ ಬಿಟ್ಟು ಬಂದಿದ್ದೆವು.

ನಮ್ಮಲ್ಲಿ ನೋಡುವಂಥದ್ದು

ಮೊದಲ ಹುಡುಗನ ಪ್ರಶ್ನೆ ಉಳಿದಿದೆ. ನಮ್ಮಲ್ಲಿ ಏನೂ ಇಲ್ಲವೇ?

ಆ ದಡಕ್ಕೇ ಒಂದು ಚರಿತ್ರೆ ಇದೆ. ಕವಿ ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಆಸುಪಾಸಿನ ರವೀಂದ್ರರು ಇಲ್ಲಿಗೆ ಬಂದಿದ್ದರು, ತಮ್ಮ ಒಂದು ನಾಟಕವನ್ನು ಇಲ್ಲೇ ಬರೆದರು. ಕಡಲ ದಡಕ್ಕೆ ಅವರ ಹೆಸರಿದೆ. ಕಾಳಿ ನದಿ ಸಮುದ್ರ ಸೇರುವಲ್ಲಿ ಸದಾಶಿವಗಡ ನಿಂತಿದೆ. ಸೋದೆ ಅರಸರು ಕಟ್ಟಿಸಿ, ಪೋರ್ಚುಗೀಸರು, ಹೈದರಾಲಿ, ಇಂಗ್ಲಿಷರು ಹೀಗೆ ಹಲವರ ಕೈ ದಾಟಿದ ಕೋಟೆ ಅದು. ಆ ಊರಿನಲ್ಲೇ ಗುಡಿಯೂ ಇದೆ, ದರ್ಗಾವೂ ಇದೆ. ಅಂಕೋಲೆಯ ಕಡಲ ದಡದಲ್ಲಿ 1930ರ ಏಪ್ರಿಲ್‌ನಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನರು ಉಪ್ಪು ತಯಾರಿಸಿ ಬ್ರಿಟಿಷರ ಕಾನೂನು ಮುರಿದರು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಆ ಹೋರಾಟಗಳಿಂದ.

ಇನ್ನೂ ಹಿಂದಕ್ಕೆ ಹೋದರೆ, 14ನೇ ಶತಮಾನದಲ್ಲಿ ಇಬ್ನು ಬತೂತಾ ನಮ್ಮ ಕರಾವಳಿಯ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡದ್ದಾಗಿ ಅವನು ದಾಖಲಿಸಿದ್ದಾನೆ. ಅವನು ಅದನ್ನು ಬರೆದಿಡದೆ ಹೋಗಿದ್ದರೆ ಹೆಣ್ಣುಮಕ್ಕಳಿಗೆ ಅಷ್ಟು ಶಾಲೆಗಳಿದ್ದವೆಂದು ನಮಗೆ ಯಾರು ಹೇಳುತ್ತಿದ್ದರು?

ಇಲ್ಲಿಯೂ ನಮ್ಮ ಒಂದು ತಪ್ಪೊಪ್ಪಿಗೆ ಇದೆ. ನಾವು ಹಿಂದೆ ಸೇವೆಯಲ್ಲಿದ್ದ ಒಂದು ಊರಿನ ಹಳೆಯ ಮಸೀದಿಗೆ ಚಿರೆಕಲ್ಲಿನ ಗೋಡೆ, ಕೆತ್ತನೆಯ ಮರದ ಕಂಬಗಳು, ನಾಡಹೆಂಚಿನ ಮಾಡು ಇದ್ದವು. ಜಾಗ ಸಾಲದೆಂದು ಕೆಡವಿ ಸಿಮೆಂಟಿನದು ಕಟ್ಟಿದರು. ಜಾಗ ಬೇಕಾಗಿತ್ತು, ಅದು ನಿಜ. ಆದರೆ ಒಂದು ಫೋಟೊ ತೆಗೆದಿಡಲಿಲ್ಲ, ಒಂದು ಕಂಬ ಉಳಿಸಲಿಲ್ಲ. ಬಾಗಿಲ ಮೇಲಿದ್ದ ಬರಹದ ಹಲಗೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಸಭೆಯಲ್ಲಿ ನಾವೂ ಕುಳಿತಿದ್ದೆವು, ಬಾಯಿ ಬಿಡಲಿಲ್ಲ. ಗೋಳಗುಮ್ಮಟ ನಮ್ಮದು ಎನ್ನುವವರು ಮನೆ ಪಕ್ಕದ ನೂರು ವರ್ಷದ ಕಂಬವನ್ನು ಸೌದೆಗೆ ಮಾರಿದೆವು.

ಗುಡ್ಡದ ಹಕ್ಕು

ಸಹೋದರರೇ, ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಜಾಗವನ್ನು ನಾವು ಮರೆಯಬಾರದು. ಅಂಕೋಲಾ ತಾಲೂಕಿನ ಶಿರೂರು. 2024ರ ಜುಲೈ 16ರ ಬೆಳಿಗ್ಗೆ, ಹಲವು ದಿನಗಳ ಜಡಿಮಳೆಯ ನಡುವೆ ಹೆದ್ದಾರಿಯ ಬದಿಯ ಗುಡ್ಡ ಕುಸಿಯಿತು. ದಾರಿಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಚಹಾ ಕುಡಿಯಲು ನಿಂತಿದ್ದ ಲಾರಿಯವರು ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದರು. ನದಿಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಕೇರಳದ ಒಬ್ಬ ಲಾರಿ ಚಾಲಕನ ಶವ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಆ ದಿನಗಳಲ್ಲಿ ನಮ್ಮ ಮಸೀದಿಗಳಲ್ಲೂ ದುಆ ನಡೆಯಿತು.

ಮಳೆ ಅಲ್ಲಾಹನದು. ಆದರೆ ರಸ್ತೆ ಅಗಲಿಸಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದದ್ದು ಮನುಷ್ಯರ ಕೈ. ಬುಡ ಕಡಿದ ಗುಡ್ಡಕ್ಕೆ ಮೇಲಿನ ಮಣ್ಣನ್ನು ಹೊರುವ ಬಲ ಇರುವುದಿಲ್ಲ. ಮಳೆನೀರು ಇಂಗಿ ಮಣ್ಣು ಭಾರವಾದಾಗ ಜಾರುತ್ತದೆ. ರಸ್ತೆ ಬೇಕು, ನಾವೂ ಅದೇ ರಸ್ತೆಯಲ್ಲಿ ಆಸ್ಪತ್ರೆಗೆ ಹೋಗುತ್ತೇವೆ. ಬೇಕಾದದ್ದನ್ನು ಪಡೆಯುವಾಗ ಗುಡ್ಡದ ಹಕ್ಕನ್ನೂ ಕೇಳುವವರು ಇರಬೇಕಿತ್ತು. ಮನುಷ್ಯರ ಕೈಗಳು ಮಾಡಿದ್ದರಿಂದಲೇ ನೆಲದಲ್ಲೂ ಕಡಲಲ್ಲೂ ಕ್ಷೋಭೆ ಹಬ್ಬುತ್ತದೆ, ಅವರು ಮರಳಿ ಬರಲೆಂದು ಅದರ ರುಚಿಯನ್ನು ತೋರಿಸಲಾಗುತ್ತದೆ ಎಂಬ ಸೂರಃ ಅರ್‌ರೂಮ್‌ನ ಎಚ್ಚರಿಕೆಯನ್ನು ನಾವು ಓದುತ್ತ ಬಂದಿದ್ದೇವೆ. ಶಿರೂರಿನಲ್ಲಿ ಕಣ್ಣಾರೆ ಕಂಡೆವು.

ಪ್ರವಾದಿ(ಸ) ಉಹುದ್ ಬೆಟ್ಟವನ್ನು ಕಂಡಾಗ, ಅದು ನಮ್ಮನ್ನು ಪ್ರೀತಿಸುತ್ತದೆ, ನಾವು ಅದನ್ನು ಪ್ರೀತಿಸುತ್ತೇವೆ ಎಂಬರ್ಥದಲ್ಲಿ ನುಡಿದಿದ್ದರು. ಆ ಬೆಟ್ಟದ ಅಡಿಯಲ್ಲೇ ಅವರ ಚಿಕ್ಕಪ್ಪ ಹಂಝ(ರ) ಹುತಾತ್ಮರಾಗಿದ್ದರು, ಅವರೇ ಗಾಯಗೊಂಡಿದ್ದರು. ಆದರೂ ಬೆಟ್ಟವನ್ನು ದೂರಲಿಲ್ಲ. ಮದೀನಾದ ಸುತ್ತಲಿನ ನೆಲವನ್ನು ಅವರು ಹರಮ್ ಎಂದು ಸಾರಿ, ಅಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದರು. ಒಂದು ಜಾಗವನ್ನು ಗೌರವಿಸುವುದೆಂದರೆ ಏನೆಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ಕಲಿಸಬಲ್ಲರು?

ನಮ್ಮ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. ಹಾಲಕ್ಕಿ ಸಮುದಾಯದ ಆ ತಾಯಿ ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಸೇರಿ, ಬೀಜ ಆರಿಸಿ, ಸಸಿ ಬೆಳೆಸಿ, ನೆಟ್ಟು ಬದುಕು ಕಳೆದರು. 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿಯವರಿಂದ ಪದ್ಮಶ್ರೀ ಸ್ವೀಕರಿಸಿದರು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂತ್ಯದಿನ ಬಂದೇ ಬಿಟ್ಟರೂ ಕೈಯಲ್ಲಿ ಸಸಿಯಿದ್ದರೆ ನೆಟ್ಟುಬಿಡಬೇಕೆಂಬ ಹದೀಸನ್ನು ನಾವು ಮಿಂಬರಿನಿಂದ ಹೇಳುತ್ತೇವೆ. ಪಕ್ಕದ ಹಳ್ಳಿಯ ತಾಯಿ ಅದನ್ನು ಕೈಯಿಂದ ಮಾಡಿ ತೋರಿಸಿದರು.

ನಾವು ಮಾಡಬೇಕಾದದ್ದು

ಅಮಾನತ್ ಎಂದರೆ ಇನ್ನೊಬ್ಬರು ನಂಬಿ ನಮ್ಮ ಕೈಗೆ ಕೊಟ್ಟ ವಸ್ತು. ಅದನ್ನು ಬಳಸಬಹುದು, ಕೆಡಿಸುವಂತಿಲ್ಲ. ಮುಂದಿನವರಿಗೆ ಹಾಗೆಯೇ ಒಪ್ಪಿಸಬೇಕು. ದೇಶದ ಕಾನೂನು ಹೇಳುವುದೂ ಇದನ್ನೇ. ಕಾಡು, ನದಿ, ಕೆರೆಗಳನ್ನೂ ನಮ್ಮ ಬೆರಕೆ ಸಂಸ್ಕೃತಿಯ ಪರಂಪರೆಯನ್ನೂ ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ, ಅದರ ಮೇಲೆ ಗೀಚಿದರೆ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗೋಡೆಯ ಮೇಲೆ ತನ್ನ ಹೆಸರು ಕೆತ್ತುವ ಹುಡುಗನಿಗೆ ಇದು ಗೊತ್ತಿರಲಿ. ಪೊಲೀಸರು ನೋಡದಿದ್ದರೂ ನೋಡುವವನು ಇದ್ದಾನೆ ಎಂಬುದೂ ಗೊತ್ತಿರಲಿ.

ನಮ್ಮ ಜಮಾಅತ್ತಿನಲ್ಲಿ ನಾಲ್ಕು ನಿರ್ಧಾರ ಮಾಡಿದ್ದೇವೆ. ನಿಮ್ಮಲ್ಲೂ ಮಾಡಬಹುದು.

ಒಂದು, ಈದ್‌ನ ಎರಡನೇ ದಿನ ಕಡಲ ದಡಕ್ಕೆ ಹೋಗುವ ಪ್ರತಿ ಕುಟುಂಬ ಒಂದು ಖಾಲಿ ಚೀಲ ಒಯ್ಯಬೇಕು. ತಾವು ತಂದದ್ದನ್ನು ಮಾತ್ರವಲ್ಲ, ಸುತ್ತ ಬಿದ್ದದ್ದನ್ನೂ ತುಂಬಿ ತರಬೇಕು.

ಎರಡು, ಪ್ರವಾಸ ಹೋಗುವ ಹುಡುಗರು ಹೊರಡುವ ಮೊದಲು ಆ ಜಾಗದ ಬಗ್ಗೆ ಓದಿ, ಇಶಾ ನಮಾಝಿನ ಬಳಿಕ ಹತ್ತು ನಿಮಿಷ ಉಳಿದವರಿಗೆ ಹೇಳಬೇಕು.

ಮೂರು, ಮಸೀದಿ, ಖಬರಸ್ತಾನ, ಹಳೆಯ ಬಾವಿ ಯಾವುದನ್ನು ದುರಸ್ತಿ ಮಾಡುವುದಿದ್ದರೂ ಮೊದಲು ಫೋಟೊ ತೆಗೆಯಬೇಕು, ಕಲ್ಲಿನ ಮೇಲಿನ ಬರಹ ನಕಲು ಮಾಡಬೇಕು, ಹಿರಿಯರ ನೆನಪನ್ನು ಬರೆದಿಡಬೇಕು.

ನಾಲ್ಕು, ನಮ್ಮ ಸುತ್ತ ಗುಡ್ಡ ಕಡಿಯುವುದು, ಹಳ್ಳ ಮುಚ್ಚುವುದು ಕಂಡರೆ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು. ಅದನ್ನು ಮಾಡುವವರು ನಮ್ಮವರೇ ಆಗಿದ್ದರೂ ಕೇಳಬೇಕು.

ಆ ಹುಡುಗರು ವಿಜಯಪುರಕ್ಕೂ ಹಂಪಿಗೂ ಹೋಗಿಬಂದರು. ಮುಂದಿನ ಭಾನುವಾರ ಸದಾಶಿವಗಡಕ್ಕೆ ಚೀಲ ಹಿಡಿದು ಹೋಗುತ್ತಾರಂತೆ. ನಮ್ಮನ್ನೂ ಕರೆದಿದ್ದಾರೆ, ಇನ್‌ಶಾ ಅಲ್ಲಾಹ್ ಹೋಗುತ್ತೇವೆ.

ಅಲ್ಲಾಹನೇ, ನೀನು ನಮ್ಮ ಕೈಗೆ ಒಪ್ಪಿಸಿದ ಈ ಕಡಲನ್ನೂ ಗುಡ್ಡವನ್ನೂ ನದಿಯನ್ನೂ ಕಾಪಾಡುವ ಶಕ್ತಿ ನಮಗೆ ಕೊಡು. ಹಿಂದಿನವರು ಕಟ್ಟಿ ಹೋದದ್ದನ್ನು ಗೌರವಿಸುವ ಮನಸ್ಸು ಕೊಡು. ಶಿರೂರಿನಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಗಳಿಗೆ ಸಾಂತ್ವನ ನೀಡು. ನಮ್ಮ ತಪ್ಪುಗಳನ್ನು ಕ್ಷಮಿಸು. ಆಮೀನ್.